ಅರ್ಧಾಂಗುಲದ ತೋಟೆ

ಗುಂಡು ಒಳಗೇ ಉಳಿದಿತ್ತು.

ಆರ್ಲೊ ಸ್ಕಾರ್ ಮೊಣಕಾಲೂರಿ ಕುಳಿತು ಎಲ್ಕ್‌ನ ಭುಜದ ಮಾಂಸ ಬಿಡಿಸುತ್ತಿದ್ದ. ಕುದುರೆಯಷ್ಟು ಎತ್ತರದ, ಕವಲುಗೊಂಬಿನ ಗಂಡು ಮೃಗ. ಚಾಕುವಿನ ತುದಿಗೆ ಟಕ್ ಎಂದು ಏನೋ ತಾಗಿತು. ಕಲ್ಲಿರಬೇಕು ಎಂದುಕೊಂಡ. ಭುಜದೊಳಗೆ ಕಲ್ಲು ಎಲ್ಲಿಂದ ಬರಬೇಕು? ಬೆರಳು ತೂರಿಸಿ ಎಳೆದ. ಸೀಸದ ದಪ್ಪ ಗುಂಡು ರಕ್ತ ಬಳಿದುಕೊಂಡು ಅಂಗೈಗೆ ಬಂತು.

"ಡೆಲ್, ಇಲ್ಲಿ ನೋಡು."

ಡೆಲ್ಬರ್ಟ್ ರಸ್ಕ್ ಮೃಗದ ಹಿಂಗಾಲನ್ನು ಪೈನ್ ಮರಕ್ಕೆ ಹಗ್ಗ ಹಾಕಿ ಬಿಗಿಯುತ್ತಿದ್ದ. ತಿರುಗಿ ನೋಡಿದ, ಹತ್ತಿರ ಬರಲಿಲ್ಲ.

"ಮೂಳೆಗೆ ತಾಗಿರ್ಬೇಕು ಬಿಡೋ."

"ತಾಗಿದ್ರೆ? ಹಿಂದೆ ಒಂದ್ಸಲ ಇಂಥದೇ ಗುಂಡು ಎರಡೂ ಭುಜ ಮುರ್ಕೊಂಡು ಆಚೆ ಮರಕ್ಕೆ ಹೊಕ್ಕಿತ್ತು. ನೀನೇ ಕೊಡಲಿ ತಗೊಂಡು ಮರ ಕೆತ್ತಿ ಗುಂಡು ಹುಡುಕಿದ್ದೆ."

"ಎಲ್ಲಾ ಎಲ್ಕೂ ಒಂದೇ ಥರ ಇರುತ್ತೇನೋ? ಕೆಲವು ಮೊಂಡು ಪಿಂಡಗಳು. ನಿನ್ನ ಹಾಗೆ."

ಆರ್ಲೊ ಅಭ್ಯಾಸಬಲದಿಂದ ನಕ್ಕ. ನಕ್ಕಮೇಲೆ ಬಾಯಿ ಕಹಿಯಾಯಿತು. ಬೆಳಿಗ್ಗೆ ಹುಲ್ಲುಗಾವಲಿನ ಅಂಚಿನಲ್ಲಿ ಈ ಮೃಗ ಅಡ್ಡಲಾಗಿ ನಿಂತಿದ್ದಾಗ ಡೆಲ್ ಅವನ ತೋಳು ಹಿಡಿದು, "ತಡಿ, ಇನ್ನೂ ಹತ್ರ ಬರ್ಲಿ" ಎಂದು ಪಿಸುಗುಟ್ಟಿದ್ದ. ಆರ್ಲೊ ಕಾಯದೆ ಹೊಡೆದ. ಅಷ್ಟು ದೂರದಿಂದ ಹೊಡೆದು ಬೀಳಿಸಿದ್ದು ಅವನಿಗೆ ಹೊಸದೇನಲ್ಲ. ಗುಂಡು ಗುರಿಯಿಟ್ಟ ಕಡೆಗೇ ಹೋಯಿತು. ಆದರೆ ಮೃಗ ಬೀಳಲಿಲ್ಲ. ತತ್ತರಿಸಿ, ಮುಂಗಾಲೊಂದನ್ನು ಎಳೆದುಕೊಂಡು ಕಾಡು ಹೊಕ್ಕಿತು. ಬಿದ್ದ ಮರಗಳ ನಡುವೆ ರಕ್ತದ ಹನಿ ಹುಡುಕುತ್ತಾ ಇಬ್ಬರೂ ಅಲೆದರು. ಹೊತ್ತು ವಾಲಿದ ಮೇಲೆ ತೊರೆಯೊಂದರಲ್ಲಿ ಸಿಕ್ಕಿತು. ನೀರಿನಲ್ಲಿ ನಿಂತೇ ಇತ್ತು. ಮೂಗಿನಿಂದ ಕೆಂಪು ನೊರೆ ಬರುತ್ತಿತ್ತು. ಇವನನ್ನೇ ನೋಡುತ್ತಿತ್ತು. ಎರಡನೆಯ ಗುಂಡಿಗೆ ಕಾಲು ಮಡಚಿತು.

ಜೀವ ತೆಗೆಯುವುದಾದರೆ ಒಂದೇ ಏಟಿಗೆ ತೆಗೆಯಬೇಕು, ಇಲ್ಲವಾದರೆ ಕೈಬಂದೂಕು ಹಿಡಿದು ಕಾಡಿಗೆ ಹೋಗಬಾರದು ಎಂದು ಊರಿನ ಹುಡುಗರಿಗೆಲ್ಲ ಹೇಳಿಕೊಡುತ್ತಿದ್ದವನು ಅವನೇ. ಗುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಡೆಲ್ ಅದನ್ನು ನೋಡಿ, ನೋಡದವನಂತೆ ಹಗ್ಗದ ಗಂಟು ಬಿಗಿದ.

ಆ ಗುಂಡಿನ ತೋಟೆ ಮೊಂಟಾನಾದ ಯಾವ ಅಂಗಡಿಯಲ್ಲೂ ಸಿಗುವಂಥದಲ್ಲ. ಹರೆಯದಲ್ಲಿ ಇಬ್ಬರೂ ಒಂದಿಡೀ ಚಳಿಗಾಲ ಡೆಲ್‌ನ ಕೊಟ್ಟಿಗೆಯಲ್ಲಿ ಕುಳಿತು ಕಂಡುಹಿಡಿದದ್ದು. ಹಳೆಯ ರೈಫಲ್ಲೊಂದರ ತೋಟೆಗಳ ಖಾಲಿ ಹಿತ್ತಾಳೆ ಕೊಳವೆ ತಂದು, ಕತ್ತರಿಸಿ, ಅಂಚು ತಿದ್ದಿ, ಅರ್ಧ ಅಂಗುಲ ದಪ್ಪದ ಗುಂಡು ಕೂರುವಂತೆ ಮಾಡಿದ್ದರು. ಅದನ್ನು ತಡೆದುಕೊಳ್ಳುವ ರಿವಾಲ್ವರ್ ಎರಡನ್ನು ಮುದಿ ಬಂದೂಕು ಕಮ್ಮಾರನೊಬ್ಬ ಮಾಡಿಕೊಟ್ಟಿದ್ದ, ಆರ್ಲೊಗೊಂದು, ಡೆಲ್‌ಗೊಂದು. ತೋಟೆ ತುಂಬುವ ಉಕ್ಕಿನ ಅಚ್ಚುಗಳನ್ನೂ ಅವನೇ ಕಡೆದ. ಒಂದು ಕೊಳವೆಯನ್ನು ಅಳತೆಗೆ ತರಲು, ಒಂದು ಬಾಯಿ ಅಗಲಿಸಲು, ಒಂದು ಗುಂಡು ಕೂರಿಸಲು. ಮೂರೂ ಇದ್ದರೆ ತೋಟೆ, ಇಲ್ಲದಿದ್ದರೆ ರಿವಾಲ್ವರ್ ಬರೀ ಕಬ್ಬಿಣದ ತುಂಡು. ಕಮ್ಮಾರ ಸತ್ತುಹೋದ. ಅಂಥ ಅಚ್ಚು ಭೂಮಿಯ ಮೇಲೆ ಬೇರೆ ಇರಲಿಲ್ಲ.

ತೋಟೆ ತುಂಬುವವರಲ್ಲಿ ಒಂದು ಕಟ್ಟಳೆಯಿದೆ: ಇನ್ನೊಬ್ಬ ತುಂಬಿದ ತೋಟೆಯನ್ನು ಹಾರಿಸಬಾರದು. ಅಣ್ಣ ಕೊಟ್ಟರೂ ಬೇಡ, ಪಾದ್ರಿ ಕೊಟ್ಟರೂ ಬೇಡ. ಮದ್ದು ಹೆಚ್ಚಾದರೆ ಕೈಯಲ್ಲೇ ಸಿಡಿಯುತ್ತದೆ, ಕಡಿಮೆಯಾದರೆ ಪ್ರಾಣಿ ನರಳುತ್ತದೆ. ಈ ಕಟ್ಟಳೆಯನ್ನು ಆರ್ಲೊ ಒಬ್ಬನಿಗಾಗಿ ಮಾತ್ರ ಮುರಿದಿದ್ದ. ಕುದುರೆಗೆ ಲಾಳ ಹೊಡೆಯುವಾಗ ಅದು ಒದ್ದು ಅವನ ಬಲಗೈ ಮಣಿಕಟ್ಟು ನುಚ್ಚುನೂರಾಗಿ, ಒಳಗೆ ಲೋಹದ ಪಟ್ಟಿ, ಸ್ಕ್ರೂ ಎಲ್ಲ ಬಂದು ಕೂತಾಗ, ತೋಟೆ ಒತ್ತುವ ಪ್ರೆಸ್ಸಿನ ಸನ್ನೆಗೋಲು ಎಳೆಯಲು ಅವನಿಗೆ ಆಗದಾಯಿತು. "ನಾನಿಲ್ವೇನೋ? ನಾನು ತುಂಬಿ ಕೊಡ್ತೀನಿ" ಎಂದಿದ್ದ ಡೆಲ್.

ವಸಂತದಲ್ಲಿ ಮದ್ದು ಕಡಿಮೆ ಹಾಕಿದ ಮೆತ್ತನೆಯ ತೋಟೆಗಳಿಂದ ಶುರುಮಾಡಿದರು. ಬೇಸಿಗೆಯಲ್ಲಿ ಡೆಲ್ ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, "ಇವತ್ತಿಂದ ಪೂರ್ತಿ ಮದ್ದು, ದೊರೆ" ಎಂದ. ಆರ್ಲೊ ಹೆದರಿ ಹೆದರಿ ಹಾರಿಸಿದ. ರಿವಾಲ್ವರಿನ ಒದೆತ ಬಂತು. ಆದರೆ ನೆನಪಿನಲ್ಲಿದ್ದಷ್ಟಲ್ಲ.

"ಇಷ್ಟೇನಾ?"

"ನಿನ್ನ ಕೈ ಗಟ್ಟಿಯಾಗಿದೆ ಕಣೋ. ಒಳಗೆ ಕಬ್ಬಿಣ ಹಾಕಿದಾರಲ್ಲ!"

ಡೆಲ್‌ನ ಕೊಟ್ಟಿಗೆಯ ಹಿಂದೆ ಸರಪಳಿಗೆ ನೇತುಹಾಕಿದ ಉಕ್ಕಿನ ಹಲಗೆಗೆ ಗುಂಡು ತಾಗಿತು. ಅದರ ಸದ್ದೂ ಮಂಕಾಗಿ ಕೇಳಿಸಿತು. ಹಿಂದೆ ಅದು ಚರ್ಚಿನ ಗಂಟೆಯಂತೆ ಕಣಿವೆಯನ್ನೆಲ್ಲ ತುಂಬುತ್ತಿತ್ತು. ಆರ್ಲೊ ಅದೇಕೆಂದೂ ಕೇಳಿದ. ಕೇಳದೆ ಬಿಡುವ ಜಾಯಮಾನ ಅವನದಲ್ಲ. ಮನೆಯ ಬಾಗಿಲಿಗೆ ಬೀಗ ಹಾಕಿ ಮತ್ತೆ ಬಂದು ಎಳೆದು ನೋಡುವವನು.

"ಕಿವಿ ಹೋಯ್ತು ನಿಂದು, ಮುದುಕಪ್ಪ" ಎಂದ ಡೆಲ್. "ಇಷ್ಟು ವರ್ಷ ಈ ಫಿರಂಗಿ ಹಾರಿಸಿದ್ದೀಯ. ಇನ್ನೇನಾಗುತ್ತೆ?"

ಆರ್ಲೊ ನಂಬಿದ. ಅಂದಿನಿಂದ ಭಾನುವಾರಗಳಲ್ಲಿ ಚರ್ಚಿನ ಹಿಂದಿನ ಬೆಂಚು ಬಿಟ್ಟು ಮುಂದೆ ಹೋಗಿ ಕೂರತೊಡಗಿದ, ಪಾದ್ರಿಯ ಮಾತು ತಪ್ಪಬಾರದೆಂದು. ಕಿವಿ ಹೋದರೆ ಹೋಗಲಿ, ಕೈ ಬಂತಲ್ಲ. ಸಾಯಂಕಾಲ ಹಿತ್ತಲಲ್ಲಿ ಒಬ್ಬನೇ ನಿಂತು ಬಲಗೈ ಮುಷ್ಟಿ ಬಿಗಿದು ಬಿಚ್ಚಿ ನೋಡಿಕೊಳ್ಳುತ್ತಿದ್ದ.

ಬೇಟೆಯ ಮರುದಿನ ಬೆಳಿಗ್ಗೆ ಉಳಿದ ತೋಟೆಗಳ ಪೆಟ್ಟಿಗೆ ತೆಗೆದ. ಒಂದು ತೋಟೆಯನ್ನು ಗುಂಡು ಕೀಳುವ ಟೊಳ್ಳು ಸುತ್ತಿಗೆಯೊಳಗೆ ಸಿಕ್ಕಿಸಿದ. ಎಡಗೈಯಿಂದ ಸಿಮೆಂಟು ನೆಲಕ್ಕೆ ಬಡಿದ. ಡೆಲ್‌ನ ಮೇಲೆ ಅನುಮಾನ ಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಒಂದು ಗಳಿಗೆ ಸುತ್ತಿಗೆ ಕೆಳಗಿಟ್ಟ. ಮತ್ತೆ ಎತ್ತಿಕೊಂಡು ಬಡಿದ. ಗುಂಡು ಸಡಿಲವಾಗಿ ಮದ್ದು ಉದುರಿತು. ಅದನ್ನು ತಟ್ಟೆಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದ.

ಅವರ ಮದ್ದು ಗಸಗಸೆಯಂಥ ದುಂಡು ಕಾಳು. ತಟ್ಟೆಯಲ್ಲಿದ್ದದ್ದು ಮೀನಿನ ಹುರುಪೆಯಂಥ ಚಪ್ಪಟೆ ಚೂರು. ಡಬ್ಬಿ ಹೊಡೆದು ಆಡುವ ಹುಡುಗರ ತೋಟೆಗೆ ಹಾಕುವ ಮದ್ದು. ಅದೂ ಚಿಟಿಕೆಯಷ್ಟು. ಪೆಟ್ಟಿಗೆಯಿಂದ ಇನ್ನೊಂದನ್ನು ಬಿಚ್ಚಿದ. ಅದರಲ್ಲೂ ಅದೇ.

ಆಮೇಲೆ ರಿವಾಲ್ವರ್ ತೆಗೆದು ನೋಡಿದ. ಗುರಿ ನೋಡುವ ಹಿಂದಿನ ಪಟ್ಟಿಯ ಸ್ಕ್ರೂ ಮೇಲೆ ಹೊಸ ಗೀರು. ಸೋತ ಗುಂಡು ಎಲ್ಲೆಂದರಲ್ಲಿ ಬೀಳದಿರಲಿ ಎಂದು ಯಾರೋ ಪಟ್ಟಿಯನ್ನು ತಿರುಗಿಸಿ ಹೊಂದಿಸಿದ್ದರು. ಬೇಸಿಗೆಯಲ್ಲಿ ಒಂದು ದಿನ ಡೆಲ್ "ನಿನ್ನ ಕೈಯಲ್ಲಿ ಎಣ್ಣೆ ಹಾಕೋಕಾಗಲ್ಲ, ಕೊಡು" ಎಂದು ಅದನ್ನು ಒಯ್ದಿದ್ದ.

ಅಡುಗೆಮನೆಯಲ್ಲಿ ಹೆಂಡತಿ ಮಾರ್ನಾ ಎಲ್ಕ್ ಮಾಂಸವನ್ನು ಸಾಸೇಜಿಗೆ ಅರೆಯುತ್ತಿದ್ದಳು. ಆರ್ಲೊ ತಟ್ಟೆಯನ್ನು ಅವಳ ಮುಂದಿಟ್ಟ. ಅವಳು ನೋಡಿ, ಕೈ ಒರೆಸಿಕೊಳ್ಳಲು ಹೋದಳು. ಒರೆಸಿಕೊಳ್ಳುತ್ತಲೇ ಇದ್ದಳು.

"ಡೆಲ್ ಹೇಳಿದ್ನಾ?"

"ಡೆಲ್ ಏನೂ ಹೇಳಿಲ್ಲ. ನೀನು ಹೇಳ್ದೆ ಈಗ."

ಮಾರ್ನಾ ಕುರ್ಚಿ ಎಳೆದು ಕುಳಿತಳು. "ನಾನೇ ಅವ್ನ ಹತ್ರ ಕೇಳ್ಕೊಂಡಿದ್ದು. ಇನ್ನೊಂದು ಒದೆತ ಬಿದ್ರೆ ಸ್ಕ್ರೂ ಎಲ್ಲಾ ಕಿತ್ಕೊಂಡು ಬರುತ್ತೆ ಅಂದ್ರು ಡಾಕ್ಟ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೂ ಹೇಳಿದ್ರು. ನೀನು ನಕ್ಕೆ."

ಅದು ನಿಜ. ಆರ್ಲೊಗೆ ನೆನಪಿತ್ತು.

"ರೈಫಲ್ ತಗೊಂಡು ಹೋಗು ಅಂದೆ. ಕೇಳಿದ್ಯಾ? ಬೇಟೆನೇ ಬಿಡು ಅಂದಿದ್ರೆ ಬಿಡ್ತಿದ್ಯಾ?"

"ಬಿಡ್ತಿದ್ದೆನೋ ಇಲ್ವೋ. ಅದು ನಾನು ಹೇಳ್ಬೇಕಾಗಿದ್ದ ಮಾತು, ಮಾರ್ನಾ." ಅವನ ದನಿ ಏರಲಿಲ್ಲ. "ಬೇಸಿಗೆಯೆಲ್ಲಾ ಊಟಕ್ಕೆ ಕೂತಾಗ ನನ್ನ ಕೈ ಬಂತು, ನನ್ನ ಕೈ ಬಂತು ಅಂತಿದ್ದೆ. ನೀನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಡ್ತಿದ್ದೆ."

"ನೀನು ಅಷ್ಟು ಖುಷಿಯಾಗಿದ್ದೆ."

"ಆ ಮೃಗ ನೀರಲ್ಲಿ ನಿಂತು ನನ್ನನ್ನ ನೋಡ್ತಿತ್ತು. ಅದಕ್ಕೆ ಏನು ಹೇಳ್ಲಿ? ನಮ್ಮನೇಲಿ ನಾನು ಖುಷಿಯಾಗಿದ್ದೆ ಅಂತ ಹೇಳ್ಲಾ?"

ಆರ್ಲೊ ರಿವಾಲ್ವರ್ ತೆಗೆದುಕೊಂಡು ಹೊರಟ.

ಡೆಲ್ ಕೊಟ್ಟಿಗೆಯಲ್ಲಿ ಒಲೆಗೆ ಸೌದೆ ಒಟ್ಟುತ್ತಿದ್ದ. ಆರ್ಲೊನ ಮುಖ ನೋಡಿದ್ದೇ ತಡ, ಎದ್ದು ನಿಂತ.

"ಕಾಫಿ ಕುಡೀತೀಯೇನೋ?"

ಆರ್ಲೊ ಪ್ರೆಸ್ಸಿನ ಮುಂದಿನ ಸ್ಟೂಲಿನಲ್ಲಿ ಕುಳಿತ. ಹಿತ್ತಾಳೆ ಕೊಳವೆಯೊಂದನ್ನು ಆರಿಸಿ, ಮೈಭಾರವನ್ನೆಲ್ಲ ಎಡಗೈಗೆ ಹಾಕಿ ಸನ್ನೆ ಎಳೆದ. ಅಚ್ಚು ಬದಲಿಸಿ ಮತ್ತೆ ಎಳೆದ. ಡೆಲ್‌ನ ಕಪಾಟಿನಿಂದ ಹಳೆಯ ಮದ್ದಿನ ಡಬ್ಬಿ ಇಳಿಸಿದ. ಗಸಗಸೆ ಕಾಳು. ಅಷ್ಟು ಕೋಪದಲ್ಲೂ ತಕ್ಕಡಿಯನ್ನು ಸೊನ್ನೆಗೆ ತಂದು ತೂಗಿದ; ಸಮಾಧಾನವಾಗದೆ ಮತ್ತೊಮ್ಮೆ ತೂಗಿದ.

"ನೋಡೋ, ಆರ್ಲೊ..."

"ಈ ಡಬ್ಬಿಯಿಂದ ನಿಂಗೆ ತುಂಬ್ಕೊಳ್ತಿದ್ದೆ. ಆ ಚಪ್ಪಟೆ ಮದ್ದಿನ ಡಬ್ಬಿಯಿಂದ ನಂಗೆ ತುಂಬ್ತಿದ್ದೆ. ಒಂದೇ ಮೇಜಿನ ಮೇಲೆ."

"ಮಾರ್ನಾ ಅಳ್ತಾ ಬಂದಿದ್ಲು ಕಣೋ. ನಾನೇನು ಮಾಡ್ಲಿ? ಎರಡು ವಾರದಲ್ಲಿ ಹೇಳ್ಬಿಡೋಣ ಅಂತಿದ್ದೆ. ಅಷ್ಟ್ರಲ್ಲಿ ನೀನು ಹಲಗೆಗೆ ಹೊಡೆದು ಕೂಸಿನ ಥರ ನಕ್ಬಿಟ್ಟೆ. ಆಮೇಲೆ ಬಾಯಿ ಬರ್ಲಿಲ್ಲ."

"ಕಾಡಿಗೆ ಹೋಗೋ ದಿನ?"

"ಹತ್ರ ಬರ್ಲಿ ಅಂದೆನಲ್ಲ! ಹತ್ರದಿಂದ ಹೊಡ್ದಿದ್ರೆ ಬಿದ್ದಿರೋದು."

"ಅಂದ್ರೆ ಗೊತ್ತಿತ್ತು ನಿಂಗೆ. ಅಷ್ಟು ದೂರದಿಂದ ಹೊಡೆದ್ರೆ ಅದು ನರಳಿ ಸಾಯುತ್ತೆ ಅಂತ ಗೊತ್ತಿದ್ದೂ ನನ್ನ ಪಕ್ಕ ನಿಂತಿದ್ದೆ."

ಡೆಲ್ ಸೌದೆಯ ತುಂಡೊಂದನ್ನು ಕೈಯಲ್ಲಿ ಹಿಡಿದೇ ಇದ್ದ. ಎಲ್ಲಿಡಬೇಕೆಂದು ತಿಳಿಯದವನಂತೆ ಅದನ್ನೇ ನೋಡಿದ.

"ಕೈ ವಿಷ್ಯ ಹೋಗ್ಲಿ ಬಿಡು. ಮಾರ್ನಾ ಕೇಳಿದ್ಲು, ನೀನು ಮಾಡ್ದೆ" ಎಂದ ಆರ್ಲೊ. ಗುಂಡು ಕೂರಿಸುವ ಅಚ್ಚು ತಿರುಗಿಸಿ ಸನ್ನೆಯನ್ನು ಕೊನೆಯ ಸಲ ಎಳೆದ. "ಕಿವಿದು ಯಾರು ಕೇಳಿದ್ರು?"

"ಯಾವ ಕಿವಿ?"

ಡೆಲ್‌ಗೆ ನೆನಪೇ ಇರಲಿಲ್ಲ. ತಮಾಷೆಗೆ ಅಂದು ಮರೆತಿದ್ದ ಮಾತು. ಅದನ್ನು ನಂಬಿ ಆರ್ಲೊ ಚರ್ಚಿನಲ್ಲಿ ಬೆಂಚು ಬದಲಿಸಿದ್ದ.

ತೋಟೆ ತೆಗೆದುಕೊಂಡು ಹಿಂಬದಿಗೆ ಹೋದ. ಡೆಲ್ ಓಡಿ ಬಂದ.

"ಬೇಡ ಕಣೋ. ಕೈ ಹೋಗುತ್ತೆ. ಕಾಲಿಗೆ ಬೀಳ್ತೀನಿ, ಬೇಡ."

ಆರ್ಲೊ ಕಿವಿಯ ಮುಚ್ಚಳ ಹಾಕಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಉಕ್ಕಿನ ಹಲಗೆಗೆ ಗುರಿಯಿಟ್ಟು, ಬಂದೂಕಿನ ಕುದುರೆ ಎಳೆದ.

ರಿವಾಲ್ವರ್ ಹಣೆಯ ಮೇಲಕ್ಕೆ ಎದ್ದುಹೋಯಿತು. ಮಣಿಕಟ್ಟಿನೊಳಗೆ ಏನೋ ಜರುಗಿ, ನೋವು ಮೊಣಕೈವರೆಗೆ ಸೀಳಿಕೊಂಡು ಬಂತು. ಮೊದಲ ಗಳಿಗೆ ಕಿವಿಯೊಳಗೆ ಬರೀ ಗುಂಯ್. ಆಮೇಲೆ ಅದರ ಆಚೆಯಿಂದ ಹಲಗೆ ಕೇಳಿಸಿತು. ಸರಪಳಿ ಸುತ್ತಿಕೊಂಡು ಗಿರಗಿರನೆ ತಿರುಗುತ್ತಾ ಅದು ಮೊಳಗುತ್ತಿತ್ತು. ದನಿ ಎದುರಿನ ಗುಡ್ಡಕ್ಕೆ ಹೋಗಿ ಮುಟ್ಟಿ ತಿರುಗಿ ಬರುವುದೂ ಕೇಳಿಸಿತು, ಹಳೆಯ ದಿನಗಳಲ್ಲಿ ಕೇಳುತ್ತಿದ್ದಂತೆಯೇ.

"ಕೈ ತೋರ್ಸೋ! ಆರ್ಲೊ, ಕೈ ತೋರ್ಸು. ಹೇಗಿದೆ?"

ಆರ್ಲೊ ಬಲಗೈಯನ್ನು ಎದೆಗೆ ಒತ್ತಿಕೊಂಡು ಒಳಗೆ ಬಂದ. ಎಡಗೈಯಿಂದ ಪ್ರೆಸ್ಸಿನಲ್ಲಿದ್ದ ಗುಂಡು ಕೂರಿಸುವ ಅಚ್ಚನ್ನು ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿದ. ಉಳಿದೆರಡನ್ನು ಮೇಜಿನ ಮೇಲೆಯೇ ಬಿಟ್ಟ.

"ಅದೊಂದಿಲ್ದಿದ್ರೆ ಇನ್ನು ಯಾರಿಗೂ ಒಂದು ತೋಟೆ ತುಂಬೋಕಾಗಲ್ಲ" ಎಂದ ಡೆಲ್ ಸಣ್ಣ ದನಿಯಲ್ಲಿ. "ನಂಗೂ ಆಗಲ್ಲ, ನಿಂಗೂ ಆಗಲ್ಲ."

"ಗೊತ್ತು."

"ಕೈ ಹೇಗಿದೆ ಅಂತಾದ್ರೂ ಹೇಳೋ ಮಾರಾಯ."

"ಕಿವಿ ಚೆನ್ನಾಗೇ ಇದೆ" ಎಂದ ಆರ್ಲೊ.

ಟ್ರಕ್ಕಿನೊಳಗೆ ಕುಳಿತಮೇಲೆ ಕೀಲಿ ತಿರುಗಿಸಲು ಬಲಗೈ ಬಾರದಾಯಿತು. ಸ್ಟೀರಿಂಗಿನ ಮೇಲಿಂದ ಎಡಗೈ ಅಡ್ಡ ಹಾಕಿ, ಬಾಗಿ, ಕಷ್ಟಪಟ್ಟು ತಿರುಗಿಸಿದ. ಕೊಟ್ಟಿಗೆಯ ಬಾಗಿಲಲ್ಲಿ ಡೆಲ್ ಒಂದು ಹೆಜ್ಜೆ ಮುಂದಿಟ್ಟು, ಅಲ್ಲೇ ನಿಂತ. ಹಿಂದೆ ಹಲಗೆ ಇನ್ನೂ ಸಣ್ಣಗೆ ಗುನುಗುತ್ತಿತ್ತು. ಎಂಜಿನ್ನು ಹೊತ್ತಿಕೊಳ್ಳುವವರೆಗೂ ಆರ್ಲೊಗೆ ಅದು ಕೇಳಿಸುತ್ತಲೇ ಇತ್ತು.