ಅರವತ್ತೊಂದು ಹಳೇ ಹೆಸರು

ಮಹಾಪೆಯ ಆ ಕಂಪನಿಯಲ್ಲಿ ಎಲ್ಲರೂ ಕಂಡರೆ ತಪ್ಪಿಸಿಕೊಳ್ಳುವ ಕೆಲಸ ಒಂದಿತ್ತು. ಅದನ್ನು ಜಯಲತಾ ತಾನಾಗಿ ಕೇಳಿ ಪಡೆದಳು. ಮ್ಯಾನೇಜರ್ ಸಂದೇಶನಿಗೆ ನಂಬಿಕೆಯೇ ಬರಲಿಲ್ಲ.

"ಬರೀ ಹೆಸರು ಬದಲಿಸುವುದು ಮೇಡಂ, ಹೊಸದೇನೂ ಬರೆಯಲಿಕ್ಕಿಲ್ಲ. ಬೋರ್ ಆಗ್ತದೆ."

"ಆಗಲಿ," ಅಂದಳು.

ಕಂಪನಿ ಮಾಡುವುದು ಡಿಬಗ್ಗರ್. ಅಂದರೆ, ಪ್ರೋಗ್ರಾಮ್ ಒಂದು ಎಡವಿ ಬಿದ್ದರೆ ಎಲ್ಲಿ ಬಿತ್ತೆಂದು ಹುಡುಕಿ ಕೊಡುವ ಇನ್ನೊಂದು ಪ್ರೋಗ್ರಾಮ್. ಪ್ರೋಗ್ರಾಮಿನೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ತುಣುಕು, ಅದೇ ಫಂಕ್ಷನ್. ಒಂದು ಫಂಕ್ಷನ್ ಮತ್ತೊಂದನ್ನು ಕರೆಯುತ್ತದೆ, ಅದು ಮಗದೊಂದನ್ನು. ಕರೆದ ಹಾಗೆಲ್ಲ ಆ ಕರೆಯ ಗುರುತು, ಅಂದರೆ ಫ್ರೇಮ್, ಒಂದರ ಮೇಲೊಂದು ಅಟ್ಟಿ ಕಟ್ಟುತ್ತದೆ. ಬಿದ್ದಾಗ ಡಿಬಗ್ಗರ್ ಆ ಅಟ್ಟಿಯನ್ನು ಇಳಿಸುತ್ತಾ ಹೋಗಿ, ಇಗೋ ಇಲ್ಲಿ, ಇಂಥವರು ಬರೆದ ಫಂಕ್ಷನ್ನಿನಲ್ಲಿ, ಎಂದು ಬೆರಳು ತೋರಿಸಬೇಕು. ಹಾಗೆ ಇಳಿಸುವ ಫಂಕ್ಷನ್‌ಗಳ ಹೆಸರು ಇಪ್ಪತ್ತು ವರ್ಷ ಹಳತು. ಈಗ ಅವು ಹೇಳುವುದೊಂದು, ಮಾಡುವುದೊಂದು. ಅಂಥವು ಅರವತ್ತೊಂದು ಇದ್ದವು.

ಜಯಲತಾಳಿಗೆ ಬೋರ್ ಆಗುವ ಪ್ರಶ್ನೆಯೇ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಅವಳು ಇದೇ ಕಂಪನಿಯಲ್ಲಿದ್ದಾಗ, ರಬಾಳೆಯ ಗಿರಾಕಿಯ ಎದುರೇ ಡಿಬಗ್ಗರ್ ಕುಸಿದು ಮಾನ ಹೋಗಿತ್ತು. ಬಿದ್ದದ್ದು ಎಲ್ಲಿ ಎಂದು ಆ ಡಿಬಗ್ಗರಿನಿಂದಲೇ ಹುಡುಕಿದರು. ತೋರಿಸಿದ್ದು ಜಯಲತಾಳ ಫಂಕ್ಷನ್. ಯಾರ ಫಂಕ್ಷನ್ ಬಿತ್ತೋ ಅವರು ಮಾರನೇ ದಿನ ಎಲ್ಲರಿಗೂ ಗೋಳಿಬಜೆ ತರಬೇಕೆಂಬುದು ಆ ಆಫೀಸಿನ ಪದ್ಧತಿ. ಅರ್ಧಕ್ಕರ್ಧ ಜನ ಉಡುಪಿ ಕಡೆಯವರು ನೋಡಿ. ಗಂಡ ರಮಾಕಾಂತನ ಹೋಟೆಲು ಮನೆಯಿದ್ದ ಡೊಂಬಿವಲಿಯಲ್ಲೇ ಇತ್ತು. ಅವಳು ನಲವತ್ತು ಜನಕ್ಕೆ ಆಗುವಷ್ಟು ಹೊತ್ತು ತಂದಳು. ತಿಂದರು, ನಕ್ಕರು, ಕೈ ಒರೆಸಿಕೊಂಡರು. ತಪ್ಪು ತನ್ನದಲ್ಲ ಎಂದು ಅವಳು ಬಾಯಿ ನೋಯುವಷ್ಟು ಹೇಳಿದರೂ ಕೇಳುವವರಿಲ್ಲ. ದೂರು 2217ರ ದಾಖಲೆಯಲ್ಲಿ 'ಕಾರಣ: ಜಯಲತಾ' ಎಂದು ಬರೆದು ಮುಚ್ಚಿದರು. ಆರು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು.

ಈಗ ಒಂದು ವರ್ಷದ ಕಾಂಟ್ರಾಕ್ಟಿನ ಮೇಲೆ ವಾಪಸು ಬಂದದ್ದು ಆ ಒಂದು ಸಾಲು ಅಳಿಸಲಿಕ್ಕೆ. ಸಂಬಳ ಆಮೇಲಿನ ಮಾತು.

"ಯಾರಿಗೆ ನೆನಪುಂಟು ಅದೆಲ್ಲ? ಬಿಡು ಮಾರಾಯ್ತಿ," ಅಂದ ರಮಾಕಾಂತ.

"ನನಗೆ ನೆನಪುಂಟು," ಅಂದಳು, ಡಬ್ಬಿಗೆ ಚಪಾತಿ ತುಂಬಿಸುತ್ತಾ.

ಹೆಸರು ಹುಡುಕಿ ಒಟ್ಟಿಗೆ ಬದಲಿಸಿಬಿಟ್ಟರೆ ಅರ್ಧ ಗಂಟೆಯ ಕೆಲಸ, ನಿಜ. ಜಯಲತಾ ಹಾಗೆ ಮಾಡಲಿಲ್ಲ. ಒಂದು ಹೆಸರಿಗೆ ಒಂದು ತಿದ್ದುಪಡಿ. ಆ ಹೆಸರನ್ನು ಯಾರು ಯಾರು ಎಲ್ಲೆಲ್ಲಿ ಕರೆದಿದ್ದಾರೋ ಅಲ್ಲೆಲ್ಲ ಹೋಗಿ ಓದುವುದು, ಹೆಸರು ಬದಲಿಸುವುದು, ಪರೀಕ್ಷೆ ಓಡಿಸುವುದು, ಆಮೇಲೆ ಮುಂದಿನದು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಲ್ಲೇ ನಿಂತಾಗಲೂ ಹೊಸ ಹೆಸರು ಯೋಚಿಸುತ್ತಿದ್ದಳು. ಆರು ವಾರ ಹೀಗೇ ಹೋಯಿತು.

ಐವತ್ತೆಂಟನೆಯದರಲ್ಲಿ ಸಿಕ್ಕಿತು. ಅದರ ಹಳೇ ಹೆಸರಿನ ಪ್ರಕಾರ ಅದು ಒಂದು ಫ್ರೇಮ್ ಹಿಂದಕ್ಕೆ ಹೋಗಬೇಕು. ಆದರೆ ಸಣ್ಣ ಫಂಕ್ಷನ್ ಒಂದು ದೊಡ್ಡದರ ಹೊಟ್ಟೆಯೊಳಗೆ ಸೇರಿಕೊಂಡಿದ್ದರೆ ಇದು ಸಣ್ಣದನ್ನು ಹಾರಿ ದೊಡ್ಡದಕ್ಕೇ ಹೋಗಿಬಿಡುತ್ತಿತ್ತು. ಮುಂದಿನ ಸ್ಟೇಷನ್ ಠಾಕುರ್ಲಿ ಎಂದು ಹೇಳಿ, ಅದನ್ನು ಹಾರಿಸಿ ಫಾಸ್ಟ್ ಲೋಕಲನ್ನು ಅದರಾಚೆಯ ಕಲ್ಯಾಣದಲ್ಲಿ ನಿಲ್ಲಿಸಿದ ಹಾಗೆ. 'ಒಳಸೇರಿದ್ದನ್ನು ಬಿಟ್ಟು ಕರೆದವರನ್ನು ಕೊಡು' ಎಂಬ ಅರ್ಥದ ಹೊಸ ಹೆಸರು ಹಾಕಿದಳು. ತಪ್ಪಿತಸ್ಥರ ಹೆಸರು ಬರೆಯುವ ಜಾಗದಲ್ಲೂ ಇದನ್ನೇ ಕರೆದಿದ್ದರು. ಹೊಸ ಹೆಸರಿನಲ್ಲಿ ಆ ಸಾಲು ಓದಿದರೆ ಎಡವಟ್ಟು ಮುಖಕ್ಕೇ ರಾಚುತ್ತಿತ್ತು.

ಅವಳು ಹಾರದೆ ಇಳಿಯುವ ಫಂಕ್ಷನ್ನನ್ನು ಅಲ್ಲಿ ಹಾಕಿ, ಒಂಬತ್ತು ವರ್ಷದ ಹಿಂದಿನ ಆ ಕುಸಿತದ ಫೈಲನ್ನು ತೆರೆದಳು. ಈ ಸಲ ಅವಳ ಫಂಕ್ಷನ್ ಬರಲಿಲ್ಲ. ಅದರ ಹೊಟ್ಟೆಯೊಳಗಿದ್ದ ಆರು ಸಾಲಿನ ಸಣ್ಣದೊಂದು ಬಂತು. ಬರೆದವರು ಸರ್ವೋತ್ತಮ.

ಸರ್ವೋತ್ತಮ ಎಂದರೆ ಆ ಆಫೀಸಿನ ಹಿರಿಯ ತಲೆ. ಡಿಬಗ್ಗರ್ ಶುರು ಮಾಡಿದವರೇ ಅವರು. ಅವರು ಒಪ್ಪದೆ ಒಂದು ಅಕ್ಷರವೂ ಒಳಗೆ ಹೋಗುವಂತಿಲ್ಲ. ಜಯಲತಾ ಅರವತ್ತೊಂದನ್ನೂ ಮುಗಿಸಿ ಅವರಿಗೆ ಕಳಿಸಿದಳು. ಐವತ್ತೆಂಟನೆಯದರ ಕೆಳಗೆ ಟಿಪ್ಪಣಿ ಬರೆದಳು: ಹಳೇ ಹೆಸರನ್ನು ನಂಬಿದ್ದರಿಂದ ದೂರು 2217 ತಪ್ಪು ವ್ಯಕ್ತಿಯ ಮೇಲೆ ಬಿದ್ದಿದೆ, ದಾಖಲೆ ತಿದ್ದಬೇಕು.

ಶುಕ್ರವಾರ ಸಂಜೆ ಆರಕ್ಕೆ ಈ ಆವೃತ್ತಿಯ ಬಾಗಿಲು ಮುಚ್ಚುವುದಿತ್ತು; ಆಮೇಲೆ ಯಾವ ತಿದ್ದುಪಡಿಯೂ ಇದಕ್ಕೆ ಸೇರುವಂತಿಲ್ಲ. ಮಧ್ಯಾಹ್ನ ಸರ್ವೋತ್ತಮ ಅವಳ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡರು.

"ಅರವತ್ತು ಒಪ್ಪಿದೆ. ಲಾಯ್ಕದ ಕೆಲಸ. ಆ ಒಂದರ ಕೆಳಗೆ ಹಳೇ ಕೇಸು ಎಂತಕ್ಕೆ ಮಾರಾಯ್ರೆ? ಟಿಪ್ಪಣಿ ತೆಗೀರಿ, ಈಗಲೇ ಒಪ್ತೇನೆ. ನಿಮ್ಮನ್ನು ಪರ್ಮನೆಂಟ್ ಮಾಡಲಿಕ್ಕೂ ಸಂದೇಶನಿಗೆ ಹೇಳ್ತೇನೆ."

"ಟಿಪ್ಪಣಿ ಸುಳ್ಳಾ ಸರ್?"

"ಸುಳ್ಳು ಅಂತ ನಾನು ಹೇಳಲಿಲ್ಲ."

ಅವರು ಆಶ್ಚರ್ಯಪಡಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. "ನಿಮಗೆ ಗೊತ್ತಿತ್ತು," ಅಂದಳು.

ಸರ್ವೋತ್ತಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದು ದನಿ ತಗ್ಗಿಸಿದರು. "ನೀವು ಬಿಟ್ಟು ಹೋಗಿ ಎರಡು ತಿಂಗಳಿಗೆ ಗೊತ್ತಾಯ್ತು. ನೀವು ಹೇಗೂ ಇರಲಿಲ್ಲ. ಇನ್ನು ಕೆದಕಿ ಎಂತ ಉಪಕಾರ ಅಂತ..."

ಇಷ್ಟು ವರ್ಷ ಅವಳು, ಆಫೀಸಿನವರಿಗೆ ಗೊತ್ತಾಗಲಿಲ್ಲ ಎಂದೇ ಸಮಾಧಾನ ಹೇಳಿಕೊಂಡಿದ್ದಳು. ಗೊತ್ತಿದ್ದೂ ಬಾಯಿ ಮುಚ್ಚಿ ಕೂತವರು ಎದುರಿಗಿದ್ದರು. ಅವಳು ಕುರ್ಚಿಯನ್ನು ಪೂರ್ತಿ ಅವರ ಕಡೆ ತಿರುಗಿಸಿದಳು.

"ಟಿಪ್ಪಣಿ ತೆಗೆಯುವುದಿಲ್ಲ ಸರ್. ಬೇಡವಾದರೆ ತಿರಸ್ಕರಿಸಿ. ತಿರಸ್ಕರಿಸುವವರು ಕಾರಣ ಬರೆದು ಕೆಳಗೆ ತಮ್ಮ ಹೆಸರು ಹಾಕಬೇಕು, ನೀವೇ ಮಾಡಿದ ರೂಲು. ಏನು ಕಾರಣ ಬರೀತೀರೋ ಬರೀರಿ, ಎಲ್ಲರೂ ಓದಲಿ."

ಅವರು ಎದ್ದು ಹೋದರು. ಅವಳು ಊಟಕ್ಕೂ ಏಳದೆ ಪರದೆ ನೋಡುತ್ತಾ ಕೂತಳು. ನಾಲ್ಕಾಯಿತು, ಐದಾಯಿತು. ಸಂದೇಶ ಎರಡು ಸಲ ಬಂದು, ಅರವತ್ತಾದರೂ ಹೋಯಿತಲ್ಲ ಮೇಡಂ, ಸಾಕಲ್ಲ, ಎಂದ. ಸಾಲದು ಎಂದಳು.

ಐದೂ ಐವತ್ತಕ್ಕೆ ಐವತ್ತೆಂಟನೆಯದು ಟಿಪ್ಪಣಿಯ ಸಮೇತ ಒಳಗೆ ಹೋಯಿತು. ಅದರ ಹಿಂದೆಯೇ ದೂರು 2217 ತಿದ್ದಿದ ಸೂಚನೆ ಬಂತು; ತೆರೆದು ನೋಡಿದಳು. ಜಯಲತಾ ಎಂಬ ಹೆಸರಿಗೆ ಅಡ್ಡಗೆರೆ ಬಿದ್ದಿತ್ತು. ಪಕ್ಕದಲ್ಲಿ ಬರೆದಿತ್ತು: ಕಾರಣ ಸರ್ವೋತ್ತಮ. ಎಂಟು ವರ್ಷದಿಂದ ನನಗೆ ಗೊತ್ತಿತ್ತು, ಹೇಳಲಿಲ್ಲ.

ಅವಳು ಗೆದ್ದೆ ಎಂದು ಹಿಗ್ಗಬಹುದು ಅಂದುಕೊಂಡಿದ್ದಳು. ಬಂದದ್ದು ಅಳು. ಅಕ್ಕಪಕ್ಕದವರು ತಿರುಗಿ ನೋಡಿದರು; ನೋಡಲಿ ಎಂದು ಮುಖ ಮುಚ್ಚಿಕೊಳ್ಳದೆ ಅತ್ತಳು.