ಇಪ್ಪತ್ತರ ಮೇಲಿನ ಅಳು

"ಇಪ್ಪತ್ತೊಂದು... ಇಪ್ಪತ್ತೆರಡು..." ಎಂದರು ದೊಡ್ಡಪ್ಪ. ಕಿಟಕಿಯ ಇಳಿಬಿಸಿಲಿನಲ್ಲಿ ಅವರ ಕೆಳತುಟಿ ನಡುಗಿತು. ಎದುರು ಕೂತಿದ್ದ ಮಗಳ ಕೈಯನ್ನು ಎರಡೂ ಕೈಯಿಂದ ಹಿಡಿದು, ಒಂದು ಜನ್ಮದಲ್ಲಿ ಬಚ್ಚಿಟ್ಟಿದ್ದನ್ನೆಲ್ಲ ಈಗಲೇ ಹೇಳಿ ಹಗುರಾಗುವವರಂತೆ ಮುಂದೆ ಬಾಗಿ, ಪಿಸುದನಿಯಲ್ಲಿ "ಇಪ್ಪತ್ತಮೂರು" ಎಂದರು. ಕಣ್ಣಿಂದ ಒಂದು ಹನಿ ಜಾರಿ ಗಲ್ಲದ ಮೇಲೆ ನಿಂತಿತು.

"ಕಟ್!" ಎನ್ನುತ್ತ ಪಕ್ಕದ ಕೋಣೆಯಿಂದ ಡೈರೆಕ್ಟರ್ ಓಡಿಬಂದ. ಮೂರು ದಿನದ ಶೀತಕ್ಕೆ ಅವನ ಕಿವಿಗಳೆರಡೂ ಕಟ್ಟಿಹೋಗಿದ್ದವು. ಬೆಳಗಿನಿಂದ ಅವನು ಚಿತ್ರ ಮಾತ್ರ ನೋಡುತ್ತಿದ್ದ, ಮಾತು ಒಂದೂ ಕೇಳಿಸುತ್ತಿರಲಿಲ್ಲ. "ಏನ್ ದೊಡ್ಡಪ್ಪ, ಕೊಂದ್‌ಬಿಟ್ರಿ! ಹನ್ನೆರಡು ಟೇಕ್ ಕಾದಿದ್ದೂ ಸಾರ್ಥಕ ಆಯ್ತು!" ಎಂದು ಕರವಸ್ತ್ರದಿಂದ ಮೊದಲು ಕಣ್ಣನ್ನೂ ಆಮೇಲೆ ಮೂಗನ್ನೂ ಒರೆಸಿಕೊಂಡ. ಲೈಟಿನವರು ಚಪ್ಪಾಳೆ ತಟ್ಟಿದರು.

ಸೌಂಡಿನವನು ಮಾತ್ರ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು, ಹಲ್ಲುನೋವು ಬಂದವನ ಹಾಗೆ ಮುಖ ಮಾಡಿದ. "ಅಕ್ಕಾ, ಒಂದ್ನಿಮಿಷ ಈಚೆ ಬರ್ತೀರಾ?"

ಮಗಳ ಪಾತ್ರದಲ್ಲಿದ್ದ ಅವಳಿಗೆ ಅವನು ಹೇಳುವುದೇನೆಂದು ಗೊತ್ತಿತ್ತು. ಈ ಚಿತ್ರದ ನಾಯಕಿ ಅವಳೇ, ಕಥೆ ಅವಳದೇ, ಜೀವನದಲ್ಲಿ ಮೊದಲ ಸಲ ಸ್ವಂತ ಹಣ ಹಾಕಿ ನಿರ್ಮಾಪಕಿಯಾದವಳೂ ಅವಳೇ. ತಾನೇ ಬರೆದ ಹದಿನಾರು ಸಾಲು ಎಲ್ಲಿ ಹೋದವು, ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ಅವಳು ಒಂದು ಮೊಳ ದೂರದಿಂದ ಕೇಳಿದ್ದಳು.

ಎಣಿಸುವುದು ಈ ಕಸುಬಿನ ಹಳೆಯ ಉಪಾಯ. ಭಾಷೆ ಬಾರದ ನಟ ಕ್ಯಾಮೆರಾ ಎದುರು ಮಾತಿನ ಬದಲು ಒಂದು, ಎರಡು, ಮೂರು ಎಂದು ಭಾವ ತುಂಬಿ ಎಣಿಸುತ್ತಾನೆ. ತುಟಿ ಅಲ್ಲಾಡಿದರೆ ಸಾಕು, ಆಮೇಲೆ ಭಾಷೆ ಬಲ್ಲವರ ಧ್ವನಿಯನ್ನು ಅದಕ್ಕೆ ಅಂಟಿಸುತ್ತಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದಕ್ಷರ ಬಾರದ ಭಾಷೆಯ ಚಿತ್ರದಲ್ಲಿ ಅವಳು ಗಡಗಡ ನಡುಗುತ್ತ ನಿಂತಿದ್ದಾಗ ಈ ವಿದ್ಯೆ ಹೇಳಿಕೊಟ್ಟವರು ಇದೇ ದೊಡ್ಡಪ್ಪ. ಚಿತ್ರದಿಂದ ಚಿತ್ರಕ್ಕೆ ದೊಡ್ಡಪ್ಪನ ಪಾತ್ರವನ್ನೇ ಮಾಡಿ ಮಾಡಿ ಅವರಿಗೆ ಆ ಹೆಸರೇ ನಿಂತುಬಿಟ್ಟಿತ್ತು. "ನೋಡು ಮಗೂ," ಎಂದಿದ್ದರು ಅವರು, "ಕೋಪಕ್ಕೆ ಒಂದರಿಂದ ಹತ್ತು. ಪ್ರೀತಿಗೆ ಐದರವರೆಗೆ ಸಾಕು, ಜಾಸ್ತಿ ಮಾತಾಡಿದ್ರೆ ಪ್ರೀತಿ ಕೆಡುತ್ತೆ. ಅಳೋಕೆ ಮಾತ್ರ ಇಪ್ಪತ್ತು ದಾಟಬೇಕು. ಅಲ್ಲಿ ಅಂಕಿ ಉದ್ದ, ಅಳೋಕೆ ಜಾಗ ಸಿಗುತ್ತೆ."

ಆ ಚಿತ್ರದಲ್ಲಿ ಅವಳು ಅರವತ್ತನಾಲ್ಕರವರೆಗೆ ಎಣಿಸಿ ಸತ್ತಿದ್ದಳು. ಆ ಸಾವಿಗೆ ಬಹುಮಾನ ಬಂತು. ಬಹುಮಾನ ಕೊಟ್ಟವರು ವೇದಿಕೆಯ ಮೇಲೆ, "ಆ ಕೊನೇ ಮಾತು ಒಂದ್ಸಲ ಹೇಳಿಬಿಡಿ ತಾಯಿ, ಜನ ಕಾಯ್ತಿದಾರೆ" ಎಂದು ಮೈಕು ಹಿಡಿದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ನಾಚಿಕೆಯಲ್ಲೇ ಮೇಷ್ಟರನ್ನು ಇಟ್ಟುಕೊಂಡು ಒಂದೊಂದಾಗಿ ಐದು ಭಾಷೆ ಕಲಿತಳು. ಐದರಲ್ಲೂ ನಟಿಸಿದಳು, ಐದರಲ್ಲೂ ಜಗಳವಾಡುವಷ್ಟು ಪಳಗಿದಳು. ಬರಬರುತ್ತ ಕವಿತೆ ಕಟ್ಟಿ, ಕಾಗದ ಹಿಡಿಯದೆ ವೇದಿಕೆಯ ಮೇಲೆ ನಿಂತು ಹೇಳುವ ಹುಚ್ಚೂ ಹತ್ತಿತು. ಒಂದು ಕವಿತೆಯಂತೂ ಊರ ಜನರ ಫೋನುಗಳಲ್ಲೆಲ್ಲ ಓಡಾಡಿತು.

*ನೀವು ಅತ್ತಿರಿ ಇಪ್ಪತ್ತೇಳಕ್ಕೆ,*
*ನಾನು ಸತ್ತೆ ಅರವತ್ತನಾಲ್ಕಕ್ಕೆ.*
*ನಡುವೆ ಒಂದಾದರೂ ಮಾತಿತ್ತೇ*
*ಎಂದು ಯಾರೂ ಕೇಳಲಿಲ್ಲ.*

ಇಷ್ಟು ಹೇಳಿದ ಮೇಲೆ ಸುಮ್ಮನಿರಲಾದೀತೇ? ತನ್ನ ಚಿತ್ರದಲ್ಲಿ ಯಾರೂ ಎಣಿಸಕೂಡದು, ಯಾರ ಬಾಯಿಗೂ ಬೇರೆಯವರ ಧ್ವನಿ ಹಾಕಕೂಡದು ಎಂದು ಪತ್ರಿಕೆಯವರನ್ನೆಲ್ಲ ಕೂರಿಸಿಕೊಂಡು ಸಾರಿದ್ದಳು.

ಸೌಂಡಿನವನು ಬಾಗಿಲ ಮರೆಯಲ್ಲಿ ನಿಂತು ಲೆಕ್ಕ ಒಪ್ಪಿಸಿದ. "ಮೊದಲ ಎರಡು ಸಾಲು ಸರಿಯಾಗಿದೆ ಅಕ್ಕ. ಮೂರನೇದರಿಂದ ಹದಿಮೂರು, ಹದಿನಾಲ್ಕು. ಉಚ್ಚಾರ ಮಾತ್ರ ಬಹಳ ಸ್ಪಷ್ಟ."

ಡೈರೆಕ್ಟರಿಗೆ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಬೇಕಾಯಿತು. ಅವನು ತಲೆ ಮೇಲೆ ಕೈ ಹೊತ್ತುಕೊಂಡ. ಹಿಂದಿನ ಹನ್ನೊಂದು ಟೇಕಿನಲ್ಲಿ ದೊಡ್ಡಪ್ಪ ಮೂರನೆಯ ಸಾಲಿಗೇ ಮಾತು ಮರೆತು ನಿಂತುಬಿಟ್ಟಿದ್ದರು, ಅದಕ್ಕಾಗಿ ಅವನು ಮಾಡದ ಸರ್ಕಸ್ಸಿರಲಿಲ್ಲ. ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅವಳ ಭುಜಕ್ಕೆ ಅಂಟಿಸಿದಾಗ, ಕನ್ನಡಕವಿಲ್ಲದ ದೊಡ್ಡಪ್ಪ ಕಣ್ಣು ಕಿರಿದು ಮಾಡಿ ಬಾಗಿದ್ದು, ಬೀಳ್ಕೊಡುವ ಅಪ್ಪನಂತಿರದೆ ಮಗಳ ತಲೆಯಲ್ಲಿ ಹೇನು ಹುಡುಕುವವರಂತೆ ಕಂಡಿತ್ತು.

"ಅಕ್ಕ, ಹಟ ಬಿಡಿ," ಎಂದ ಡೈರೆಕ್ಟರ್. "ನಾಳೆ ಮನೆಯವರು ವಾಪಸ್ ಬರ್ತಾರೆ, ಈ ಮನೆ ಮತ್ತೆ ಸಿಗಲ್ಲ. ಬಿಸಿಲು ಇನ್ನು ಅರ್ಧ ಗಂಟೆ. ಡಬ್ಬಿಂಗ್ ಮಾಡೋ ಮೀಸೆ ಮಾವನ ಧ್ವನಿ ಹಾಕಿಸೋಣ, ಗುಡುಗಿದ ಹಾಗಿರುತ್ತೆ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲೋ."

"ಏನಂದ್ರಿ?"

"ಏನಿಲ್ಲ, ಬಿಸಿನೀರು ಕುಡಿ ಅಂದೆ," ಎಂದು ಅವಳು ಒಳಕೋಣೆಗೆ ಹೋದಳು.

ದೊಡ್ಡಪ್ಪ ಮಂಚದ ತುದಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಬಾಗಿಲು ತುಂಬುವ ಆಳು, ಆದರೆ ಧ್ವನಿ ಮಾತ್ರ ಮೇಕೆಮರಿಯದು. ಮೊದಲ ಚಿತ್ರದಲ್ಲೇ ಯಾರೋ, ಈ ಮೈಗೆ ಈ ಧ್ವನಿ ಆಗಲ್ಲ ಎಂದುಬಿಟ್ಟರು. ಅಂದಿನಿಂದ ತಾಯಿನುಡಿಯ ಚಿತ್ರಗಳಲ್ಲೂ ಅವರ ಬಾಯಿಂದ ಬೇರೆಯವರೇ ಮಾತಾಡುತ್ತ ಬಂದಿದ್ದರು. ಜನ ಬೀದಿಯಲ್ಲಿ ಕೈಮುಗಿದರೆ ಅವರು ನಗುತ್ತಿದ್ದರು, ಮಾತಾಡುತ್ತಿರಲಿಲ್ಲ.

"ಹೇಗಿತ್ತಮ್ಮಾ? ಒಂದಕ್ಷರ ಬಿಡಲಿಲ್ಲ, ಅಲ್ವಾ?"

ಅವಳು ಅವರ ಪಕ್ಕದಲ್ಲಿ ಕೂತಳು. ತಾವು ಎಣಿಸಿದ್ದೇ ಅವರಿಗೆ ಗೊತ್ತಿರಲಿಲ್ಲ.

"ನಿನ್ನ ಕವಿತೆ ಕೇಳಿದೆ," ಎಂದರು ಅವರು. "ಮೊಮ್ಮಗಳು ತೋರಿಸಿದ್ಲು. ಚೆನ್ನಾಗಿ ಬೈದಿದೀಯ ನನ್ನ."

"ಅಯ್ಯೋ, ನಿಮ್ಮನ್ನಲ್ಲ ದೊಡ್ಡಪ್ಪ..."

"ಇರಲಿ ಬಿಡೇ. ಬೈಸ್ಕೊಳ್ಳೋ ವಯಸ್ಸಲ್ಲಿ ಬೈಸ್ಕೊಳ್ಳಲಿಲ್ಲ, ಈಗ ಸಿಕ್ತು." ಕನ್ನಡಕದ ಡಬ್ಬಿ ತೆರೆದು, ಆ ಹದಿನಾರು ಸಾಲು ಬರೆದಿದ್ದ ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಕೈಗಿತ್ತರು. ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು. "ಅದಕ್ಕೇ ಈ ಸಲ ಎರಡು ತಿಂಗಳಿಂದ ಇದನ್ನೇ ಓದ್ತಿದೀನಿ. ಹೆಂಡತಿ ಬೇಜಾರಾಗಿ ತವರಿಗೆ ಹೋಗ್ತೀನಿ ಅಂದ್ಲು, ಎಪ್ಪತ್ತು ವರ್ಷಕ್ಕೆ. ಇಷ್ಟು ಯಾಕೆ ಓದಿದೆ ಅಂದ್ರೆ, ನನ್ನ ಗಂಟಲು ನನಗೆ ಸಿಗೋದು ಇದೊಂದೇ ಪಿಕ್ಚರಲ್ಲಿ, ನೋಡು."

ಅವಳು ಕಾಗದವನ್ನು ಹಿಂದಕ್ಕೆ ಕೊಟ್ಟು, "ಕೊನೇದು ಒಂದೇ ಒಂದ್ಸಲ ಮಾಡೋಣ ದೊಡ್ಡಪ್ಪ. ತಪ್ಪು ನಂದು, ನಾನು ಸರಿಯಾಗಿ ಮಾಡಲಿಲ್ಲ" ಎಂದಳು.

"ಅದು ನಂಗೂ ಅನ್ನಿಸ್ತು," ಎಂದರು ದೊಡ್ಡಪ್ಪ, ಬಹಳ ಕರುಣೆಯಿಂದ.

ಪ್ರತಿ ಟೇಕಿಗೂ ಮುಂಚೆ ಕಣ್ಣು ಮುಚ್ಚಿ, ದೇವರೇ ಮಾತು ಕೊಡು ಎಂದು ಕೇಳಿಕೊಳ್ಳುವುದು ಅವಳ ರೂಢಿ. ಈ ಸಲ ಕಣ್ಣು ಮುಚ್ಚಿದಾಗ ಬೆಳಗಿನ ಜಾವ ಜಪದ ಮಣಿಸರ ಹಿಡಿದು ಕೂರುತ್ತಿದ್ದ ತಾಯಿ ಕಂಡಳು. ತಾಯಿಯ ತುಟಿಯಲ್ಲಿ ಬರೀ ಎಣಿಕೆ ಇರುತ್ತಿತ್ತು. ಅಮ್ಮಾ, ದೇವರ ಹತ್ರ ಏನಾದ್ರೂ ಮಾತಾಡಬಾರದಾ ಎಂದು ಚಿಕ್ಕವಳಾಗಿದ್ದಾಗ ಕೇಳಿದ್ದಕ್ಕೆ, "ಅವನಿಗೆ ಗೊತ್ತಿರೋದನ್ನೇ ಏನು ಹೇಳೋದು, ಹತ್ರ ಕೂತಿದೀನಿ ಅಂತ ಗೊತ್ತಾದ್ರೆ ಸಾಕು" ಎಂದಿದ್ದಳು.

"ಆ್ಯಕ್ಷನ್!"

ದೊಡ್ಡಪ್ಪ ಮೊದಲ ಸಾಲು ಹೇಳಿದರು. ಎರಡನೆಯದನ್ನೂ ಹೇಳಿದರು. ಸೌಂಡಿನವನು ಉಸಿರು ಹಿಡಿದ. ಮೂರನೆಯ ಸಾಲಿನ ಹೊಸ್ತಿಲಲ್ಲಿ ಅವರು ಒಂದು ಗಳಿಗೆ ನಿಂತು, ಪರಿಚಿತ ಬೀದಿ ಕಂಡವರಂತೆ ಮುಖ ಅರಳಿಸಿ, "ಹದಿಮೂರು" ಎಂದರು. "ಹದಿನಾಲ್ಕು..."

ಅವಳು ಬರೆದುಕೊಂಡಿದ್ದ ಉತ್ತರ ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿ, "ಹದಿನೈದು," ಎಂದಳು.

ಅವರು ಬೆಚ್ಚಲಿಲ್ಲ. ತಲೆದೂಗಿದರು. "ಹದಿನಾರು," ಎಂದು ಅವಳ ಬೆರಳುಗಳನ್ನು ಮಡಿಚಿ ಬಿಡಿಸಿದರು. ಹದಿನೇಳಕ್ಕೆ ಅವಳು ನಕ್ಕಳು. ಹತ್ತೊಂಬತ್ತಕ್ಕೆ ಅವಳಿಗೆ ಕೋಪ ಬಂತು. ಯಾವಾಗಿನ ಕೋಪವೋ, ಯಾರ ಮೇಲಿನದೋ. ಬೇಕೆಂದೇ ದಾರಿ ಬಿಟ್ಟು, "ಇಪ್ಪತ್ತೈದು!" ಎಂದು ಎದ್ದು ನಿಂತಳು.

ದೊಡ್ಡಪ್ಪನೂ ಎದ್ದರು. "ಇಪ್ಪತ್ತು," ಎಂದು ಗದರಿದರು. ಮೇಕೆಯ ಧ್ವನಿಯೇ, ಆದರೆ ಅಪ್ಪನ ಗದರಿಕೆ. ಲೈಟು ಹಿಡಿದು ನಿಂತಿದ್ದ ಧಡಿಯನೊಬ್ಬ ತನಗೇ ಅಂದರೇನೋ ಎಂದು ಸೆಟೆದು ನಿಂತ. ಅವಳು ತಗ್ಗಿದ ದನಿಯಲ್ಲಿ "ಇಪ್ಪತ್ತೊಂದು" ಎಂದಳು. ಆಗ ಅವರ ಕೆಳತುಟಿ ನಡುಗಿತು. "ಇಪ್ಪತ್ತೆರಡು," ಎಂದು ಅವಳ ತಲೆಯ ಮೇಲೆ ಕೈಯಿಟ್ಟು, ಮುಂದೆ ಎಣಿಸಲಾರದೆ ನಿಂತರು. ಉಳಿದದ್ದನ್ನು ಅವಳೇ, ಅವರ ಎದೆಗೆ ಹಣೆ ಹಚ್ಚಿ, ಮೂವತ್ತರವರೆಗೆ ಎಣಿಸಿದಳು.

ಕಟ್ ಎನ್ನಲು ಡೈರೆಕ್ಟರ್ ಮರೆತ. ಬಿಸಿಲು ತಾನೇ ಕಿಟಕಿಯಿಂದ ಇಳಿದುಹೋಯಿತು.

"ಇದನ್ನೇನು ಮಾಡೋದು ಅಕ್ಕ?" ಎಂದ ಸೌಂಡಿನವನು, ಅವಳನ್ನು ಬಾಗಿಲ ಮರೆಗೆ ಕರೆದು, ಮೆಲ್ಲಗೆ. ಕಣ್ಣು ಕೆಂಪಾಗಿತ್ತು.

"ಹಾಗೇ ಇಡು."

"ಹಾಗೇ ಇಡು ಅಂದ್ರೆ?" ಈ ಮಾತು ಮಾತ್ರ ಡೈರೆಕ್ಟರನ ಕಟ್ಟಿದ ಕಿವಿಗೂ ಕೇಳಿಸಿತು. "ಹಾಗಾದ್ರೆ ಅಪ್ಪ ಮಗಳಿಗೆ ಎಣಿಸೋದು ಕಲಿಸೋ ಸೀನ್ ಒಂದು ಬೇಕು ಅಕ್ಕ, ಶುರೂನಲ್ಲೇ. ಪುಟ್ಟ ಹುಡುಗಿ ಬೇಕು. ಬೇರೆ ಮನೆ ಬೇಕು. ಪತ್ರಿಕೆಯವರು ಬಂದು, ಎಣಿಸಕೂಡದು ಅಂದಿದ್ರಲ್ಲ ಅಂದ್ರೆ?"

"ಎಣಿಸ್ದೋಳು ನಾನೇ ಅಂತ ಹೇಳ್ತೀನಿ. ಹುಡುಗಿ ಹುಡುಕು."

ಅವನು ಸೀನುತ್ತ ಹೊರಗೆ ಹೋದ. ಅವಳು ತಿರುಗುವಷ್ಟರಲ್ಲಿ ಸೌಂಡಿನವನು ಹಿಂದೆಮುಂದೆ ಯೋಚಿಸದೆ ತನ್ನ ಹೆಡ್‌ಫೋನನ್ನು ದೊಡ್ಡಪ್ಪನವರ ಕಿವಿಗೆ ಇಟ್ಟುಬಿಟ್ಟಿದ್ದ. "ಕೇಳಿ ದೊಡ್ಡಪ್ಪ, ನಿಮ್ದೇ ಧ್ವನಿ." ಅವಳು ಬೇಡ ಎಂದು ಕೈಯೆತ್ತಿದಳು, ತಡವಾಗಿತ್ತು.

ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿದರು. ಎರಡು ಸಾಲು ಕಳೆಯುವವರೆಗೆ ಮುಖ ಶಾಂತವಾಗಿತ್ತು. ಆಮೇಲೆ ಹುಬ್ಬು ಒಂದಿಷ್ಟು ಮೇಲೇರಿ, ಅಲ್ಲೇ ನಿಂತಿತು. ತುಟಿಗಳು ಸದ್ದಿಲ್ಲದೆ ಕೇಳಿದ್ದರ ಜೊತೆ ಅಲುಗಾಡತೊಡಗಿದವು. ಒಂದು ಕಡೆಯೂ ತಪ್ಪಲಿಲ್ಲ.

ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮೇಕೆಗೆ ವಯಸ್ಸಾಗಿದೆ," ಎಂದರು.

"ಚೆನ್ನಾಗಿದೆ ದೊಡ್ಡಪ್ಪ."

"ಇಪ್ಪತ್ತೆರಡರಲ್ಲಿ ಸ್ವಲ್ಪ ಜಾಸ್ತಿ ಅತ್ತೆ, ಅಲ್ವಾ?"

"ಇಲ್ಲ. ಸರಿಯಾಗಿತ್ತು."

ಅವರು ಹೂಂ ಎಂದು, ಪಕ್ಕದಲ್ಲಿದ್ದ ಕಾಗದವನ್ನು ಸವೆದ ಮಡಿಕೆಗಳ ಮೇಲೇ ನಾಲ್ಕು ಸಲ ಮಡಿಸಿ, ಕನ್ನಡಕದ ಡಬ್ಬಿಯ ತಳಕ್ಕೆ ಹಾಕಿದರು. ಅದರ ಮೇಲೆ ಕನ್ನಡಕವನ್ನು ಅಲುಗಾಡದಂತೆ ಮಲಗಿಸಿ, ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದರು.