ಸೋಲದವರಿಗೆ ಹದಿಮೂರನೇ ಸ್ಥಾನ

ನನ್ನ ಮಗ ನವನೀತನ ಕಾಲೇಜು ತಂಡ ಈ ಸೀಸನ್‌ನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಆದರೂ ರ್ಯಾಂಕಿಂಗ್‌ನಲ್ಲಿ ಹದಿಮೂರನೇ ಸ್ಥಾನ. ಪ್ಲೇಆಫ್‌ಗೆ ಹೋಗುವುದು ಹನ್ನೆರಡೇ ತಂಡ. ಆ ಹನ್ನೆರಡನೆಯದು ಮೂರು ಸಲ ಸೋತಿತ್ತು. ಆದರೆ ದೊಡ್ಡ ಕಾಲೇಜು, ದೊಡ್ಡ ಸ್ಟೇಡಿಯಂ, ಬೆಳಗಾದರೆ ಟಿವಿಯಲ್ಲಿ ಅದರದೇ ಹೆಸರು.

ಅಮೆರಿಕನ್ ಫುಟ್‌ಬಾಲ್ ನನಗೆ ಇವತ್ತಿಗೂ ಅರ್ಧಂಬರ್ಧ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಮಧ್ಯೆ ನನ್ನ ಮಗ ಓಡಿಬಂದು ಚೆಂಡನ್ನು ಎರಡು ಕಂಬಗಳ ನಡುವೆ ಹೋಗುವಂತೆ ಒದೆಯುತ್ತಾನೆ. ಇಷ್ಟು ಗೊತ್ತು. ಅವನು ಒದೆಯುವಾಗ ಮಂಡಿಯೂರಿ ಚೆಂಡನ್ನು ನೆಲಕ್ಕೆ ಒತ್ತಿ ಹಿಡಿಯುವವನು ಸಿದ್. ಅಮೆರಿಕದಲ್ಲಿ ನಾವಿರುವ ಈಸ್ಟ್ ಬ್ರನ್ಸ್‌ವಿಕ್‌ನಲ್ಲೇ ನಮ್ಮಿಂದ ಎರಡು ಬೀದಿ ಆಚೆ ಅವನ ಮನೆ. ಸ್ಕೂಲಿನಿಂದಲೂ ಇಬ್ಬರದೂ ಅದೇ ಜೋಡಿ.

ಪ್ಲೇಆಫ್ ತಂಡಗಳ ಆಯ್ಕೆ ಪ್ರಕಟವಾಗುವ ಭಾನುವಾರ ಆಟಗಾರರ ಮನೆಯವರೆಲ್ಲ ಕಾಲೇಜಿನ ಹಾಲ್‌ನಲ್ಲಿ ಸೇರಿದ್ದೆವು. ಟಿವಿಯಲ್ಲಿ, ರ್ಯಾಂಕ್ ಕೊಡುವ ಸಮಿತಿಯವರೊಬ್ಬರು ಟೈ ಸರಿಮಾಡಿಕೊಂಡು, ಹುಡುಗರು ಚೆನ್ನಾಗಿ ಆಡಿದ್ದಾರೆ, ಆದರೆ ದೊಡ್ಡ ತಂಡ ಯಾವುದನ್ನೂ ಸೋಲಿಸಿಲ್ಲ ಎಂದರು. ನನ್ನ ಮೈ ಉರಿದುಹೋಯಿತು. ನಮ್ಮ ಕೋಚ್ ಪ್ರತಿ ವರ್ಷ ದೊಡ್ಡ ಕಾಲೇಜುಗಳಿಗೆ, ಒಂದು ಪಂದ್ಯ ಆಡಿ ಎಂದು ದುಂಬಾಲು ಬೀಳುತ್ತಾರೆ. ಒಬ್ಬರೂ ಬರುವುದಿಲ್ಲ. ಗೆದ್ದರೆ ಹೆಸರಿಲ್ಲ, ಸೋತರೆ ಮಾನ ಹೋಗುತ್ತದೆ, ಯಾಕೆ ಬಂದಾರು? ಕೆರೆಗೆ ಇಳಿಯಲು ಬಿಡದೆ, ನಿನಗೆ ಈಜು ಬರುವುದಿಲ್ಲ ಎಂದ ಹಾಗಾಯಿತು.

ವಾಪಸು ಬರುವಾಗ ನನ್ನ ಗಂಡ ಚೆಲುವರಾಜು ಕಾರಿನಲ್ಲಿ ಹಲ್ಲು ಕಡಿಯುತ್ತಿದ್ದರು. ಸಿಇಟಿ ರ್ಯಾಂಕಿನ ಬಲದಿಂದ ಇಂಜಿನಿಯರ್ ಆದವರು, ಮನೆತನಕ್ಕೆ ಮೊದಲ ಪದವೀಧರ.

"ನಮ್ ಪೇಪರ್ ತಿದ್ದೋನಿಗೆ ನಮ್ಮಪ್ಪ ಯಾರು ಅಂತ ಗೊತ್ತಿರ್ಲಿಲ್ಲ ಕಣೇ. ಇವ್ರು ನೋಡು, ಮುಖ ನೋಡಿ ಮಣೆ ಹಾಕ್ತಾರೆ!"

ಹಿಂದಿನ ಸೀಟಿನಲ್ಲಿ ನವನೀತ ಬಿಕ್ಕಿ ಬಿಕ್ಕಿ ಅತ್ತ. ಅಷ್ಟೆತ್ತರದ ಹುಡುಗ. ಅಳು ನಿಂತ ಮೇಲೆ ಸಿದ್‌ಗೆ ಫೋನ್ ಮಾಡಿ, ಮುಂದಿನ ವರ್ಷ ಇದೇ ತಂಡ ಕಟ್ಟಿಕೊಂಡು ತೋರಿಸೋಣ ಎಂದು ಮಾತು ಕೊಟ್ಟ.

ಬುಧವಾರ ಆ ಹನ್ನೆರಡನೇ ಸ್ಥಾನದ ಕಾಲೇಜಿನಿಂದಲೇ ಅವನಿಗೆ ಕರೆ ಬಂತು. ಚೆಂಡು ಒದೆಯುವ ನಮ್ಮ ಕಿಕ್ಕರ್ ಓದು ಮುಗಿಸಿ ಹೋಗುತ್ತಿದ್ದಾನೆ, ಮುಂದಿನ ಸೀಸನ್‌ಗೆ ನಮ್ಮಲ್ಲಿಗೆ ಬಾ ಎಂದರು. ನವನೀತ ಹೂಂ ಎಂದುಬಿಟ್ಟ.

"ನಿಮ್ ಜಾಗ ಕಿತ್ಕೊಂಡಿದ್ದು ಅವ್ರೇ ಅಲ್ವೇನೋ?" ಎಂದೆ.

"ಅವ್ರು ಕಿತ್ಕೊಳ್ಳಿಲ್ಲಮ್ಮ, ಕಮಿಟಿ ಗೇವ್ ಇಟ್ ಟು ದೆಮ್. ಇಲ್ಲೇ ಇದ್ರೆ ಎಷ್ಟು ಗೆದ್ರೂ ಇಷ್ಟೇ."

ಗಂಡನ ಮುಖ ನೋಡಿದೆ. ಭಾನುವಾರ ಹಲ್ಲು ಕಡಿದವರು ಈಗ ಮಗನ ಬೆನ್ನು ತಟ್ಟುತ್ತಿದ್ದರು. "ಎಂಥಾ ಕಾಲೇಜು ನಳಿನಾ! ಕನ್ನಡ ಕೂಟದಲ್ಲಿ ಹೆಸ್ರು ಹೇಳಿದ್ರೆ ಸಾಕು, ಎಕ್ಸ್‌ಪ್ಲೇನ್ ಮಾಡೋದೇ ಬೇಡ."

ನನಗೆ ಹೇಸಿಗೆಯಾಯಿತು. ಆದರೂ ಜಗಳಕ್ಕೆ ನಿಲ್ಲಲಿಲ್ಲ. ಮಗ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಶುಕ್ರವಾರ ಸುದ್ದಿ ಆನ್‌ಲೈನ್‌ನಲ್ಲಿ ಬಂತು. ಸಿದ್‌ಗೆ ಇವನು ತಾನಾಗಿ ಹೇಳಿರಲಿಲ್ಲ. ಮರುದಿನ ಸಿದ್‌ನ ಕಾರು ಮನೆ ಮುಂದೆ ನಿಂತದ್ದೇ ತಡ, ನವನೀತ ಮಹಡಿಗೆ ಓಡಿದ.

"ಮನೇಲಿಲ್ಲ ಅಂತ ಹೇಳಮ್ಮ, ಪ್ಲೀಸ್."

ಬಾಗಿಲು ತೆಗೆದಾಗ ಸಿದ್ ಅಭ್ಯಾಸಬಲದಿಂದ ಶೂ ಬಿಚ್ಚಲು ಬಗ್ಗಿದ್ದ.

"ನವನೀತ್ ಇಲ್ಲಪ್ಪ," ಎಂದೆ.

ಅವನ ಕೈ ನಿಂತಿತು. ಬಾಗಿಲ ಪಕ್ಕದಲ್ಲೇ ನವನೀತ ದಿನಾ ಹಾಕುವ ಶೂ ಇತ್ತು. ಸಿದ್ ಅದನ್ನು ನೋಡಿದ, ತನ್ನ ಲೇಸನ್ನು ಮತ್ತೆ ಬಿಗಿಯಾಗಿ ಕಟ್ಟಿಕೊಂಡು ಎದ್ದ.

"ಇಟ್ಸ್ ಓಕೆ ಆಂಟಿ. ಕಂಗ್ರಾಟ್ಸ್ ಅಂತ ಹೇಳಿ."

ಅವನು ಮೆಟ್ಟಿಲಿಳಿದ. ಆ ಹುಡುಗನನ್ನು ಊಟ ಮಾಡಿಕೊಂಡು ಹೋಗು ಅನ್ನದೆ ನಾನು ಬಾಗಿಲು ಹಾಕಿದ್ದು ಅದೇ ಮೊದಲು.